ಬ್ಯಾರಕ್‌ನಲ್ಲಿ ಪಕ್ಕದ ಮಂಚದವನು: ನಮ್ಮ 'ಬಜಾರ್' ಬಗ್ಗೆ ಬರೆದಿದ್ದೇನೆ, ನಿಮ್ಮವರ ಬಗ್ಗೆಯೂ ಬರೆಯಿರಿ

ತಿಪಟೂರು ಸ್ಯಾಪರ್

ಎಲ್ಲರಿಗೂ ನಮಸ್ಕಾರ.

2024ರ ಜುಲೈ ಕೊನೆಯಲ್ಲಿ ವಯನಾಡಿನ ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಬೆಂಗಳೂರಿನಲ್ಲಿರುವ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಉಕ್ಕಿನ ಪ್ಯಾನೆಲ್ ಜೋಡಿಸಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರಲ್ಲ, ಆ ವಿಡಿಯೋ ನನ್ನ ಫೋನಿನಲ್ಲಿ ಇನ್ನೂ ಇದೆ. ನಾನೂ ಅದೇ ಗ್ರೂಪ್‌ನವನು. ಪ್ಯಾನೆಲ್ ಹೊತ್ತು ಹೆಜ್ಜೆ ಹಾಕುವ ಆ ಹುಡುಗರನ್ನು ನೋಡಿದಾಗಲೆಲ್ಲ ನನ್ನ ಪಕ್ಕದ ಮಂಚದವನು ನೆನಪಾಗುತ್ತಾನೆ. ಅವನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು.

ತೊಂಬತ್ತರ ದಶಕದ ಶುರು. ಹಲಸೂರು ಕೆರೆ ಹತ್ತಿರದ ನಮ್ಮ ಸೆಂಟರ್‌ನಲ್ಲಿ ಟ್ರೈನಿಂಗ್. ಉದ್ದನೆಯ ಬ್ಯಾರಕ್, ಎರಡೂ ಕಡೆ ಸಾಲಾಗಿ ಕಬ್ಬಿಣದ ಮಂಚ, ಮಂಚದ ಕೆಳಗೆ ಕಪ್ಪು ಟ್ರಂಕು. ತಮಿಳರು, ಮಲಯಾಳಿಗಳು, ತೆಲುಗಿನವರು, ನಾವು ಕನ್ನಡದವರು, ಎಲ್ಲರೂ ಬೆರೆತು ಇದ್ದೆವು. ನನ್ನ ಎಡಗಡೆ ಮಂಚ ರಾಯದುರ್ಗದ ಕಡೆಯ ಹುಡುಗನದು. ಅರ್ಧ ಕನ್ನಡ, ಅರ್ಧ ತೆಲುಗು ಮಾತು. ಟ್ರೈನಿಂಗ್ ಕೊಡುವ ಉಸ್ತಾದರನ್ನು ಬಿಟ್ಟು ಉಳಿದವರನ್ನೆಲ್ಲ 'ಬಾವಾ' ಅಂತಲೇ ಕರೆಯುತ್ತಿದ್ದ.

ಮೊದಲ ಲೈನ್ ಚೆಕಿಂಗ್‌ನಲ್ಲೇ ಅವನಿಗೆ ಹೆಸರು ಬಿತ್ತು. ಚೆಕಿಂಗ್ ದಿನ ಕಂಬಳಿ ಮೂಲೆ ಎದ್ದು ಕಾಣುವ ಹಾಗೆ ಚೌಕವಾಗಿ ಮಡಿಸಿರಬೇಕು. ಅದರ ಮುಂದೆ ಮಗ್, ಪ್ಲೇಟು, ಮೆಸ್ ಟಿನ್, ಶೇವಿಂಗ್ ಸಾಮಾನು, ಟವೆಲ್, ಕಾಲುಚೀಲ, ಸೂಜಿ-ದಾರದ ಚೀಲ, ಎಲ್ಲ ಅದರದರ ಜಾಗದಲ್ಲಿ. ಇಡೀ ಸಾಲಿಗೆ ದಾರ ಹಿಡಿದರೆ ಎಲ್ಲರ ಮಗ್ ಒಂದೇ ನೇರಕ್ಕೆ ಬರಬೇಕು. ಇವನ ಮಂಚದ ಮೇಲೆ ಒಂದು ಬೂಟು ಇತ್ತು, ಇನ್ನೊಂದು ಇರಲಿಲ್ಲ. ಹಿತ್ತಾಳೆ ಉಜ್ಜುವ ಬ್ರಾಸೋ ಡಬ್ಬಿ ಮುಚ್ಚಳ ಇಲ್ಲದೆ ದಿಂಬಿನ ಪಕ್ಕ. ಮೆಸ್ ಟಿನ್ ತೆಗೆದರೆ ಒಳಗೆ ಊರಿನಿಂದ ತಂದ ಕಡ್ಲೆಕಾಯಿ. ಉಸ್ತಾದರು ಬೆಡ್‌ಶೀಟ್ ಎಳೆದರು. ಸಿಪ್ಪೆ ಪರಪರ ನೆಲಕ್ಕೆ ಸುರಿಯಿತು. 'ಯೇ ಬಿಸ್ತರ್ ಹೈ ಯಾ ಬಜಾರ್?' ಅಂದರು, ಇದು ಹಾಸಿಗೆಯೋ ಸಂತೆಯೋ ಅಂತ. ಅವತ್ತಿನಿಂದ ಅವನು ಬಜಾರ್. ಅವನ ನಿಜವಾದ ಹೆಸರು ರೋಲ್ ಕಾಲ್‌ನಲ್ಲಿ ಮಾತ್ರ ಕೇಳಿಸುತ್ತಿತ್ತು.

ಶಿಕ್ಷೆ ಒಬ್ಬನಿಗಲ್ಲ, ಎಲ್ಲರಿಗೂ. ಪಿಟ್ಟು, ಅಂದರೆ ಸಾಮಾನಿನ ಚೀಲ, ಬೆನ್ನಿಗೆ ಹಾಕಿಕೊಂಡು ಮೈದಾನ ಸುತ್ತಬೇಕು, ಆಮೇಲೆ ಫ್ರಂಟ್ ರೋಲ್. ಮೈ ದಣಿಸುವ ಈ ಶಿಕ್ಷೆಗೆ ರಗಡಾ ಅನ್ನುತ್ತಾರೆ, ಫೌಜಿನಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಆ ರಾತ್ರಿ ಬ್ಯಾರಕ್‌ನಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ಅವನು ಒಂದೊಂದೇ ಮಂಚದ ಹತ್ತಿರ ಬಂದು ಮುಷ್ಟಿ ತುಂಬಾ ಕಡ್ಲೆಕಾಯಿ ಇಟ್ಟು ಹೋದ. ಕೋಪಕ್ಕೆ ಮೊದಲು ಯಾರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಎಲ್ಲ ಕಡೆಯಿಂದ ಸಿಪ್ಪೆ ಒಡೆಯುವ ಸದ್ದು ಕೇಳಿಸಿತು.

ಇವನ್ಯಾಕೆ ಹೀಗೆ ಅಂತ ನನಗೆ ಗೊತ್ತಾಗಿದ್ದು ಅವನ ಊರಿಗೆ ಹೋದಾಗ. ಒಂದೇ ಕೋಣೆಯ ಮನೆ. ಮೂಲೆಯಿಂದ ಮೂಲೆಗೆ ಒಂದು ಹಗ್ಗ, ಮನೆಯವರ ಬಟ್ಟೆಯೆಲ್ಲ ಅದರ ಮೇಲೆ. ಬೀರು ಇಲ್ಲ, ಪೆಟ್ಟಿಗೆ ಇಲ್ಲ. ಅವನ ಪಾಲಿಗೆ ಎರಡು ಅಂಗಿ ಇದ್ದವಂತೆ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಅಂಥ ಹುಡುಗನಿಗೆ ಸೈನ್ಯ ಒಂದೇ ದಿನ ಟ್ರಂಕ್ ತುಂಬಾ ಸಾಮಾನು ಕೊಟ್ಟು 'ಇದೆಲ್ಲ ನಿನ್ನದು' ಅಂದಿತು. ಅಷ್ಟೊಂದು ವಸ್ತುವನ್ನು ಎಲ್ಲಿಡಬೇಕು ಅಂತ ಅವನಿಗೆ ಯಾರು ಕಲಿಸಿದ್ದರು?

'ನನ್ನದು' ಅನ್ನುವ ಅಭ್ಯಾಸವೂ ಅವನಿಗಿರಲಿಲ್ಲ. ಬೂಟಿನ ಲೇಸ್ ಹರಿದವನಿಗೆ ಅವನ ಲೇಸ್. ಸೋಪು ಮುಗಿದವನಿಗೆ ಅವನ ಸೋಪು. ತ್ರಿಶೂರಿನ ಹುಡುಗನೊಬ್ಬ ಮನೆ ನೆನೆದು ಊಟ ಬಿಟ್ಟಾಗ ಲಂಗರ್‌ನಿಂದ (ನಮ್ಮ ಅಡುಗೆಮನೆ) ಮಗ್‌ನಲ್ಲಿ ಟೀ, ಜೇಬಿನಲ್ಲಿ ಪೂರಿ ತಂದು ತಿನ್ನಿಸಿದ. ಪೂರಿಯ ಎಣ್ಣೆ ಕಲೆ ಆ ಪ್ಯಾಂಟಿನಿಂದ ಹೋಗಲೇ ಇಲ್ಲ. ಮುಂದಿನ ಚೆಕಿಂಗ್‌ನಲ್ಲಿ ಆ ಕಲೆಗೂ ಶಿಕ್ಷೆ ಆಯಿತು. ಯಾಕೆ ಕಲೆ ಆಯಿತು ಅಂತ ಅವನು ಬಾಯಿ ಬಿಡಲಿಲ್ಲ.

ಈಗ ಸೇತುವೆ ವಿಷಯಕ್ಕೆ ಬರುತ್ತೇನೆ. ಬೈಲಿಯ ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕೆಜಿ. ಆರು ಜನ ಹೊರಬೇಕು. ಎರಡು ಪ್ಯಾನೆಲ್ ಸೇರಿಸುವುದು ಉಕ್ಕಿನ ಪಿನ್ನು. ಪಿನ್ನಿನ ತುದಿಗೆ ಚಿಕ್ಕ ಸೇಫ್ಟಿ ಪಿನ್ನು. ಇಡೀ ಸೇತುವೆಯನ್ನು ಈ ದಡದಲ್ಲೇ ಜೋಡಿಸಿ, ರೋಲರ್ ಮೇಲೆ ಆಚೆ ದಡಕ್ಕೆ ತಳ್ಳುತ್ತಾರೆ. ಕತ್ತಲಲ್ಲಿ ಒಂದು ಪಿನ್ನು ಹೊಳೆಗೆ ಬಿದ್ದರೆ ಮುಗೀತು. ನಮ್ಮ ರೆಜಿಮೆಂಟ್‌ನಲ್ಲಿ ಪಿನ್ನಿನ ಕೆಲಸ ಬಜಾರ್‌ಗೆ. ಗೋಣಿತಾಟು ಹಾಸಿ, ದೊಡ್ಡ ಪಿನ್ನು ಒಂದು ಸಾಲು, ಸೇಫ್ಟಿ ಪಿನ್ನು ಇನ್ನೊಂದು ಸಾಲು, ಎಲ್ಲದರ ತಲೆ ಒಂದೇ ಕಡೆ. ನೋಡದೆ ಕೈ ಚಾಚಿದರೂ ಬೇಕಾದ್ದು ಸಿಗುತ್ತಿತ್ತು. ಕೆಲಸ ಮುಗಿದ ಮೇಲೆ ಎಣಿಸಿ ಕೊಡುತ್ತಿದ್ದ. ಅವನ ಕೈಯಲ್ಲಿ ಒಂದೂ ಕಳೆದಿದ್ದು ನಾನು ನೋಡಿಲ್ಲ. ರೈಫಲ್ ಕೂಡ ಹಾಗೇ. ಕೋತ್‌ಗೆ, ಅಂದರೆ ಆಯುಧದ ಕೋಣೆಗೆ, ವಾಪಸ್ ಕೊಡುವ ಮುಂಚೆ ನಳಿಗೆ ಒರೆಸುವ ಪುಲ್‌ಥ್ರೂ ದಾರ ಎಳೆದು, ಚಿಂದಿ ಬೆಳ್ಳಗೆ ಬರುವ ತನಕ ಬಿಡುತ್ತಿರಲಿಲ್ಲ.

ಬೇರೆಯವರ ಜೀವ ನಿಂತಿರುವ ವಸ್ತುವನ್ನು ಅಷ್ಟು ಚೊಕ್ಕಟವಾಗಿ ಇಡುತ್ತಿದ್ದ. ತನ್ನ ಸ್ವಂತ ವಸ್ತು ಎಲ್ಲಿ ಬಿದ್ದಿದ್ದರೂ ಅವನಿಗೆ ನಡೆಯುತ್ತಿತ್ತು. ಇಂಥವನ ಪಕ್ಕ ಮಲಗಿದ್ದು ನನ್ನ ಪುಣ್ಯ ಅಂತಲೇ ನಾನು ಅಂದುಕೊಂಡಿದ್ದೇನೆ.

ನಿಮ್ಮ ಬ್ಯಾರಕ್‌ನಲ್ಲೂ ಇಂಥವರು ಇದ್ದೇ ಇರುತ್ತಾರೆ. ಬರೆಯಿರಿ.

ವಾಯುಪಡೆ ಶಿವಮೊಗ್ಗ

ಅಣ್ಣಾ, ಓದಿ ಮನಸ್ಸು ತುಂಬಿ ಬಂತು. ನಮ್ಮಲ್ಲಿ ಬ್ಯಾರಕ್ ಅನ್ನುತ್ತಿರಲಿಲ್ಲ, ಬಿಲೆಟ್ ಅನ್ನುತ್ತಿದ್ದೆವು. ಬೆಳಗಾವಿಯ ಸಾಂಬ್ರಾದಲ್ಲಿ ಟ್ರೈನಿಂಗ್ ಮುಗಿಸಿ ನಾನು ಪುಣೆಯ ಲೋಹೆಗಾಂವ್‌ಗೆ ಹೋದೆ. ಒಂದು ರೂಮಿಗೆ ಮೂವರು. ಒಬ್ಬ ಬಿಜಾಪುರದವನು, ರೇಡಿಯೋ ಕೆಲಸದವನು. ಅವನ ಬಕೆಟ್‌ನಲ್ಲಿ ನೀರು ಇದ್ದಿದ್ದೇ ಕಡಿಮೆ. ಟ್ರಾನ್ಸಿಸ್ಟರ್ ಬಿಡಿಭಾಗ, ಸೋಲ್ಡರ್ ತಂತಿ, ಮುರಿದ ಸ್ಪೀಕರ್ ಅದರ ತುಂಬಾ. ಸ್ನಾನಕ್ಕೆ ನಮ್ಮ ಬಕೆಟ್.

ಅವನು ರೂಮಿನ ಈ ಕಿಟಕಿಯಿಂದ ಆ ಕಿಟಕಿಗೆ ತಾಮ್ರದ ತಂತಿ ಎಳೆದಿದ್ದ. ರಾತ್ರಿ ನೈಟ್ ಡ್ಯೂಟಿ ಮುಗಿಸಿ ಬಂದರೆ ಅದು ಕುತ್ತಿಗೆಗೇ ಸಿಗಬೇಕು. ಎಷ್ಟು ಸಲ ಬೈದರೂ ತೆಗೆಯಲಿಲ್ಲ. ಯಾಕೆ ಅಂದರೆ ಆ ತಂತಿಯಿಂದ ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್, ರಾತ್ರಿ ಹೊತ್ತು ಸ್ಪಷ್ಟವಾಗಿ ಬರುತ್ತಿತ್ತು. ಪಕ್ಕದ ಬಿಲೆಟ್‌ನ ಕನ್ನಡದ ಹುಡುಗರೆಲ್ಲ ನಮ್ಮ ರೂಮಿನಲ್ಲೇ ಇರುತ್ತಿದ್ದರು. ಊರಲ್ಲಿ ಮಳೆ ಆಯ್ತಾ, ಜೋಳದ ರೇಟು ಎಷ್ಟು, ಎಲ್ಲ ಅಲ್ಲಿಂದಲೇ. ಕೂರಲು ಜಾಗ ಇಲ್ಲದೆ ಅವನ ಬಟ್ಟೆ ಗುಡ್ಡೆ ಮೇಲೆಯೇ ಕೂರುತ್ತಿದ್ದರು. ಅದಕ್ಕೇ ಅದು ಯಾವತ್ತೂ ಇಸ್ತ್ರಿ ಕಂಡಿದ್ದಲ್ಲ.

ನೀವು ಹೇಳಿದ ಹಗ್ಗದ ವಿಷಯ ನನಗೆ ತುಂಬಾ ನಾಟಿತು. ನಮ್ಮವನ ಮನೆಯಲ್ಲೂ ಹಾಗೇ ಇತ್ತೋ ಏನೋ. ಕೇಳಬೇಕು.

ಕಾರವಾರದ ಕಡಲು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ನೌಕಾಪಡೆ. ಹಡಗಿನಲ್ಲಿ ಒಂದರ ಮೇಲೊಂದು ಬಂಕು, ಒಬ್ಬೊಬ್ಬರಿಗೆ ಚಿಕ್ಕ ಲಾಕರ್. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಎದ್ದಾಗ ಕಟ್ಟದೆ ಬಿಟ್ಟ ವಸ್ತು ಯಾವುದೂ ಇದ್ದ ಜಾಗದಲ್ಲಿ ಇರುವುದಿಲ್ಲ. ಒಳಗೆ ನೀರು ನುಗ್ಗಿದಾಗ ತೇಲುವ ಒಂದು ಬನಿಯನ್ ಪಂಪಿನ ಬಾಯಿಗೆ ಸಿಕ್ಕಿಕೊಂಡರೆ ಪಂಪು ನೀರು ಎಳೆಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಇದು ನೋಡೋಕೆ ಚೆಂದ ಇರಲಿ ಅಂತ ಮಾಡಿದ ನಿಯಮ ಅಲ್ಲ.

ಇನ್ನೊಂದು ಮಾತು. ಒಬ್ಬನ ಮಂಚಕ್ಕೆ ಎಲ್ಲರೂ ರಗಡಾ ತಿಂದಿರಲ್ಲ, ಆ ಎಲ್ಲರಲ್ಲಿ ಒಬ್ಬನಿಗೆ ಮೈ ಹುಷಾರಿರಲಿಲ್ಲ ಅಂದುಕೊಳ್ಳಿ. ಅವನ ಕಡೆಯಿಂದಲೂ ನೋಡಬೇಕು ಅಲ್ವಾ?

ತಿಪಟೂರು ಸ್ಯಾಪರ್

ಸರ್, ನಿಮ್ಮ ಮಾತು ಸರಿ. ಹಡಗಿನ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಥ್ಯಾಂಕ್ಸ್. ನಮ್ಮಲ್ಲೂ ಕೆಲವರಿಗೆ ಅವನ ಮೇಲೆ ಬಹಳ ದಿನ ಸಿಟ್ಟಿತ್ತು. ಸೇಲಂನ ಒಬ್ಬ ಹುಡುಗ ಮಂಚವನ್ನೇ ದೂರ ಎಳೆದುಕೊಂಡಿದ್ದ. ಆಮೇಲೆ ಒಂದು ಒಪ್ಪಂದ ಆಯಿತು. ಚೆಕಿಂಗ್ ಹಿಂದಿನ ರಾತ್ರಿ ಮೂರು ಜನ ಸೇರಿ ಬಜಾರ್‌ನ ಮಂಚ ಕಟ್ಟುವುದು. ಆ ಹೊತ್ತಿನಲ್ಲಿ ಅವನು ಆ ಮೂವರ ಬೂಟು ಪಾಲಿಶ್ ಮಾಡುವುದು. ಹತ್ತಿಗೆ ಎರಡು ಹನಿ ನೀರು, ಚೂರು ಪಾಲಿಶ್, ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುತ್ತು. ಬೂಟಿನ ಮೂತಿಯಲ್ಲಿ ಬಲ್ಬು ಕಾಣಬೇಕು, ಅಲ್ಲಿಯವರೆಗೆ ಬಿಡುತ್ತಿರಲಿಲ್ಲ. ಮಂಚ ಕಟ್ಟಿದ ಮೇಲೆ ಅವನನ್ನು ಅದರ ಮೇಲೆ ಮಲಗಲು ಬಿಡುತ್ತಿರಲಿಲ್ಲ. ಅವನು ನೆಲದ ಮೇಲೆ ಮಲಗುತ್ತಿದ್ದ. ಒಬ್ಬನೇ ಯಾಕೆ ಅಂತ ನಾವೂ ಕೆಳಗೇ ಮಲಗುತ್ತಿದ್ದೆವು. ಸೇಲಂನವನು ಕೊನೆಗೆ ಅವನ ತಂಗಿ ಮದುವೆಗೆ ಹೋಗಿ ಬಡಿಸಲು ನಿಂತಿದ್ದ.

ಬೈಲಹೊಂಗಲದ ಅಕ್ಕ

ನಾನು ಫೌಜಿನವಳಲ್ಲ, ಫೌಜಿಯ ಹೆಂಡತಿ. ನಮ್ಮನೆಯವರು ಮರಾಠಾ ಲೈಟ್ ಇನ್‌ಫೆಂಟ್ರಿ. ರಿಟೈರ್ ಆಗಿ ಇಷ್ಟು ವರ್ಷ ಆದರೂ ಬೆಳಿಗ್ಗೆ ಎದ್ದ ಕೂಡಲೇ ಕಂಬಳಿ ಚೌಕ ಮಡಿಸಬೇಕು. ಮಕ್ಕಳ ಚಪ್ಪಲಿ ಸಾಲು ತಪ್ಪಿದರೆ ಮಾತೇ ಆಡುವುದಿಲ್ಲ, ಸುಮ್ನೆ ಹೋಗಿ ಸರಿ ಮಾಡಿ ಬರುತ್ತಾರೆ.

ಅವರ ಜೊತೆ ಲಡಾಖ್‌ನಲ್ಲಿ ಒಂದೇ ಬಂಕರ್‌ನಲ್ಲಿ ಇದ್ದ ಸಾತಾರಾ ಕಡೆಯ ಗೆಳೆಯರೊಬ್ಬರು ಇದ್ದಾರೆ. ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಬಂದ ಒಂದು ತಾಸಿನಲ್ಲಿ ಮನೆ ಗುರುತು ಸಿಗುವುದಿಲ್ಲ. ಟವೆಲ್ ಕುರ್ಚಿ ಮೇಲೆ, ಚಹಾ ಕಪ್ಪು ಕಿಟಕಿಯಲ್ಲಿ, ಚೀಲದಿಂದ ತೆಗೆದ ಸಾಮಾನು ಪಡಸಾಲೆ ತುಂಬಾ. ಮಕ್ಕಳಿಗೆ 'ಕಾಕಾ ಬಂದ್ರು' ಅಂದರೆ ಹಬ್ಬ. ಬೇರೆ ದಿನ ಒಂದು ಪುಸ್ತಕ ಆಚೀಚೆ ಇಟ್ಟರೆ ಸಹಿಸದ ನಮ್ಮನೆಯವರು ಅವತ್ತು ಏನೂ ಅನ್ನುವುದಿಲ್ಲ. ಮುಖದ ತುಂಬಾ ನಗು.

ಒಮ್ಮೆ ಕೇಳಿದೆ, 'ಅವರಿಗೆ ಮಾತ್ರ ಯಾಕೆ ಮಾಫಿ?' ಅಂತ. ಆಗ ಹೇಳಿದರು. ಅಲ್ಲಿ ಮೇಲೆ ಹೋಗುವ ಮುಂಚೆ ಮೈ ಒಗ್ಗಲು ಮೂರು ಹಂತದಲ್ಲಿ ನಿಲ್ಲಿಸುತ್ತಾರಂತೆ, ಮೊದಲು ಆರು ದಿನ, ಆಮೇಲೆ ನಾಲ್ಕು, ಮತ್ತೆ ನಾಲ್ಕು. ಅಷ್ಟಾದರೂ ಕೆಲವರಿಗೆ ತಲೆನೋವು, ನಿದ್ದೆ ಇಲ್ಲ, ಊಟ ಸೇರಲ್ಲ. ನಮ್ಮನೆಯವರಿಗೆ ಹಾಗಾದಾಗ ಈ ಕಾಕಾ ರಾತ್ರಿಯೆಲ್ಲ ಬುಖಾರಿ (ಬಂಕರ್ ಬೆಚ್ಚಗಿಡುವ ಒಲೆ) ನೋಡಿಕೊಂಡು, ಇವರ ಕಾಲುಚೀಲ ತಿರುಗಿಸಿ ತಿರುಗಿಸಿ ಒಣಗಿಸಿದರಂತೆ. ಒದ್ದೆ ಕಾಲುಚೀಲದಲ್ಲಿ ಬೆರಳು ಸೆಟೆದು ಹೋಗುತ್ತದೆ ಅಂತ. ಬಂಕರ್ ತುಂಬಾ ಕಾಲುಚೀಲ ನೇತಾಡುತ್ತಿತ್ತಂತೆ, ತಲೆ ಎತ್ತಿದರೆ ಮುಖಕ್ಕೆ ತಾಗುವ ಹಾಗೆ. ಅದನ್ನು ಕೇಳಿದ ಮೇಲೆ ನಾನೂ ಆ ಕಪ್ಪು ಕಿಟಕಿಯಲ್ಲೇ ಇರಲಿ ಅಂತ ಬಿಡುತ್ತೇನೆ.

ಕೊಡಗು ಕಾಫಿ

ನನ್ನ ರೂಮ್‌ಮೇಟ್ ತೊಳೆದ ಬಟ್ಟೆ ಯಾವುದು, ತೊಳೆಯದ್ದು ಯಾವುದು ಅಂತ ಮೂಸಿ ನೋಡಿ ಹಾಕಿಕೊಳ್ಳುತ್ತಿದ್ದ. ಬಹಳ ಒಳ್ಳೆಯ ಹುಡುಗ. ನನ್ನ ಜರ್ಸಿ ಅವನ ಹತ್ತಿರ ಇದೆ, ಅವನ ಕೋಟ್ ಪಾರ್ಕಾ ನನ್ನ ಹತ್ತಿರ ಇದೆ. ಯಾರೂ ವಾಪಸ್ ಕೇಳಿಲ್ಲ.

ರಂಗರೂಟ್ ಹಾವೇರಿ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಅಗ್ನಿವೀರ್ ಆಗಿ ಸೆಲೆಕ್ಟ್ ಆಗಿದ್ದೇನೆ, ಮುಂದಿನ ತಿಂಗಳು ಸೆಂಟರ್‌ಗೆ ಹೋಗಬೇಕು. ಓಟ, ಬೀಮ್ (ಕಂಬಿ ಹಿಡಿದು ಮೈ ಮೇಲೆತ್ತುವುದು) ಎಲ್ಲ ಚೆನ್ನಾಗಿ ಮಾಡುತ್ತೇನೆ. ಆದರೆ ಮನೆಯಲ್ಲಿ ನನ್ನ ಬಟ್ಟೆ ಅಮ್ಮನೇ ಮಡಿಸಿಡುವುದು. ಬಜಾರ್ ಸರ್ ಕಥೆ ಓದಿ ಖುಷಿಯೂ ಆಯಿತು, ಭಯವೂ ಆಯಿತು. ನನ್ನಿಂದ ಉಳಿದವರಿಗೆ ಶಿಕ್ಷೆ ಆಗಬಾರದು. ಏನು ಕಲಿತುಕೊಂಡು ಹೋಗಬೇಕು?

ತಿಪಟೂರು ಸ್ಯಾಪರ್

ಮಗಾ, ಮೊದಲು ನಿನಗೆ ಅಭಿನಂದನೆ. ಭಯ ಬೇಡ. ಈಗಿನ ಕಿಟ್‌ನಲ್ಲಿ ಕೆಲವು ವಸ್ತು ಬದಲಾಗಿರಬಹುದು, ಕ್ರಮ ಉಸ್ತಾದರು ಹೇಳಿಕೊಡುತ್ತಾರೆ. ನೀನು ಮನೆಯಿಂದಲೇ ಕಲಿಯಬಹುದಾದ್ದು ಇಷ್ಟು. ಗುಂಡಿ ಹೊಲಿಯುವುದು, ಇಸ್ತ್ರಿ ಮಾಡುವುದು, ಬೆಡ್‌ಶೀಟ್ ಮೂಲೆ ಹಾಸಿಗೆ ಕೆಳಗೆ ಬಿಗಿಯಾಗಿ ಸೇರಿಸುವುದು. ಕಂಬಳಿ ಮಡಿಸುವಾಗ ಒಳಗೆ ರಟ್ಟು ಇಟ್ಟರೆ ಮೂಲೆ ನಿಲ್ಲುತ್ತದೆ, ನಾವೆಲ್ಲ ಹಾಗೇ ಮಾಡಿದ್ದು. ಸಾಮಾನು ಕೊಟ್ಟ ದಿನವೇ ಎಲ್ಲದರ ಮೇಲೂ ನಿನ್ನ ನಂಬರ್ ಬರೆದುಬಿಡು, ಎರಡನೇ ದಿನಕ್ಕೆ ಬಿಡಬೇಡ. ಬೀಗಕ್ಕೆ ಎರಡು ಕೀ ಇರಲಿ, ಒಂದು ಪಕ್ಕದವನ ಹತ್ತಿರ ಕೊಡು. ಮತ್ತೆ ಚೆಕಿಂಗ್ ಕೆಲಸ ಬೆಳಿಗ್ಗೆಗೆ ಅಂತ ಇಟ್ಟುಕೊಳ್ಳಬೇಡ, ರಾತ್ರಿಯೇ ಮುಗಿಸು. ಬೆಳಿಗ್ಗೆ ಬಾತ್‌ರೂಮ್ ಸಾಲಿನಲ್ಲೇ ಹೊತ್ತು ಹೋಗುತ್ತದೆ.

ಅಮ್ಮನಿಗೆ ಈಗಿನಿಂದಲೇ ಬಟ್ಟೆ ಮಡಿಸಬೇಡ ಅಂತ ಹೇಳು.

ಫೌಜಿ ಮಗಳು

ಸರ್, ನಿಮ್ಮ ಬಜಾರ್ ಈಗ ಎಲ್ಲಿದ್ದಾರೆ? ಕೇಳಲೋ ಬೇಡವೋ ಅಂತ ಯೋಚಿಸಿ ಕೇಳುತ್ತಿದ್ದೇನೆ. ನಮ್ಮಪ್ಪನೂ ಅಂಥವರೇ ಇದ್ದರು. ಅಮ್ಮ ಬೈದು ಬೈದು ಸುಸ್ತಾಗಿದ್ದಳು. ಅಪ್ಪ ಹೋದ ಮೇಲೆ ಅವರ ಟ್ರಂಕ್ ತೆಗೆದೆವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹೆಸರು. ಒಳಗೆ ಎಲ್ಲ ಕಲಸಿಹೋಗಿತ್ತು. ಮೆಡಲ್ ಜೊತೆ ತುಕ್ಕು ಹಿಡಿದ ಕತ್ತರಿ, ಒಂಟಿ ಕಾಲುಚೀಲ. ಆದರೆ ನಾನು ಚಿಕ್ಕವಳಿದ್ದಾಗ 'ಕೇರ್ ಆಫ್ 56 ಎಪಿಒ' ಅಂತ ಸೈನ್ಯದ ಅಂಚೆ ವಿಳಾಸ ಬರೆದು ಹಾಕಿದ ಇನ್‌ಲ್ಯಾಂಡ್ ಪತ್ರಗಳು ಮಾತ್ರ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ, ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದರು. ನೀವು ಪಿನ್ನಿನ ಬಗ್ಗೆ ಬರೆದಿದ್ದು ಓದಿದಾಗ ಅದೇ ನೆನಪಾಯಿತು.

ತಿಪಟೂರು ಸ್ಯಾಪರ್

ತಾಯೀ, ನಿಮ್ಮಪ್ಪನಿಗೆ ನನ್ನ ಸಲ್ಯೂಟ್.

ಬಜಾರ್ ಚೆನ್ನಾಗಿದ್ದಾನೆ. ರಾಯದುರ್ಗದ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ. ಅಂಗಡಿ ಒಳಗೆ ಕಾಲಿಡಲು ಜಾಗ ಇಲ್ಲ. ಗಿರಾಕಿ ಬಂದು ಬೇರಿಂಗ್ ಕೇಳಿದರೆ ಆ ರಾಶಿಗೆ ಕೈ ಹಾಕಿ ತೆಗೆದು ಕೊಡುತ್ತಾನೆ. ಬಿತ್ತನೆ ಸಮಯದಲ್ಲಿ ರೈತರಿಂದ ದುಡ್ಡು ಕೇಳುವುದಿಲ್ಲ. ಮಗ ಬೈಯುತ್ತಾನೆ, ಇವನು ಕೇಳಿಸಿಕೊಳ್ಳುವುದಿಲ್ಲ.

ನಿನ್ನೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಕಡ್ಲೆಕಾಯಿ ವಿಷಯ ಬಂದಾಗ ನಕ್ಕ. ಪೂರಿ ವಿಷಯಕ್ಕೆ 'ಅದ್ಯಾಕೆ ಬರೆದೆ ಬಾವಾ' ಅಂದ. ಆದರೆ ಒಂದು ಚಿಂತೆಯ ಸುದ್ದಿ ಹೇಳಿದ. ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರ ಈ ಸಲ ಕೊಟ್ಟಿಲ್ಲವಂತೆ. ಪಿಪಿಒ, ಅಂದರೆ ಪಿಂಚಣಿ ಆದೇಶದ ಕಾಗದ, ಎಲ್ಲಿಟ್ಟಿದ್ದಾನೋ ಗೊತ್ತಿಲ್ಲ. ಸೇವಾ ಕೇಂದ್ರಕ್ಕೆ ಹೋದರೆ ಬೆರಳಚ್ಚು ಬೀಳುತ್ತಿಲ್ಲ. ಇಷ್ಟು ವರ್ಷ ಗ್ರೀಸು, ಸ್ಪ್ಯಾನರ್ ಹಿಡಿದ ಕೈ, ಗೆರೆಯೆಲ್ಲ ಸವೆದಿದೆ. ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ.

ವಾಯುಪಡೆ ಶಿವಮೊಗ್ಗ

ಅಣ್ಣಾ, ಬೆರಳಚ್ಚು ಬೇಡ. ಮುಖ ತೋರಿಸಿದರೆ ಸಾಕು. ಮಗನ ಫೋನಿನಲ್ಲಿ ಜೀವನ್ ಪ್ರಮಾಣ್ ಆ್ಯಪ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್ ಎರಡೂ ಹಾಕಲಿ. ಆಧಾರ್ ನಂಬರ್, ಮೊಬೈಲ್‌ಗೆ ಬರುವ ಒಟಿಪಿ, ಪಿಪಿಒ ನಂಬರ್ ಬೇಕು. ಪಿಂಚಣಿ ಕೊಡುವವರು ಯಾರು ಅಂತ ಕೇಳುವ ಕಡೆ ಸ್ಪರ್ಶ್ (ನಮ್ಮ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಅಂತ ಇರುವುದನ್ನು ಆರಿಸಬೇಕು, ಬ್ಯಾಂಕ್ ಹೆಸರು ಆರಿಸಿದರೆ ಆಗುವುದಿಲ್ಲ. ಬೆಳಕಿಗೆ ಮುಖ ಮಾಡಿ ನಿಂತು ಕಣ್ಣು ಮಿಟುಕಿಸಿದರೆ ಮುಗೀತು. ಪಿಪಿಒ ನಂಬರ್‌ಗೆ ಹಳೆಯ ಮೆಸೇಜ್‌ಗಳನ್ನು ಹುಡುಕಿ ನೋಡಲಿ. ಸಿಗದಿದ್ದರೆ ನನಗೆ ಫೋನ್ ಮಾಡಿಸಿ, ಜೊತೆಗಿದ್ದು ಮಾಡಿಸುತ್ತೇನೆ.

ಕಾರವಾರದ ಕಡಲು

ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಎರಡನ್ನೂ ಸ್ಕ್ಯಾನ್ ಮಾಡಿ ಮಗನ ಹತ್ತಿರ, ನಿಮ್ಮ ಹತ್ತಿರ ಒಂದೊಂದು ಪ್ರತಿ ಇಡಿ ಸಾರ್. ನಾಳೆ ಅವರ ಹೆಂಡತಿಗೆ ಕುಟುಂಬ ಪಿಂಚಣಿ ಬೇಕಾದಾಗ ಆ ರಾಶಿಯಲ್ಲಿ ಹುಡುಕುವ ಹಾಗೆ ಆಗಬಾರದು. ಅವರ ಪಿಪಿಒದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನ ಸರಿಯಾಗಿದೆಯಾ ಅಂತಲೂ ನೋಡಿಸಿ. ಮುಂಚೆ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ, ಆದರೆ ಇಂಥ ಮನುಷ್ಯನ ಪಿಂಚಣಿ ಒಂದು ತಿಂಗಳೂ ನಿಲ್ಲಬಾರದು.

ತಿಪಟೂರು ಸ್ಯಾಪರ್

ಎಲ್ಲರಿಗೂ ಥ್ಯಾಂಕ್ಸ್. ಪ್ರಮಾಣಪತ್ರ ಆಯಿತು. ಪಿಪಿಒ ಸಿಕ್ಕಿದ್ದು ಅಂಗಡಿಯ ಟ್ರಂಕಿನಲ್ಲಿ, ಮೋಟರ್ ವೈಂಡಿಂಗ್ ತಂತಿಯ ಸುರುಳಿ ಕೆಳಗೆ. ಶಿವಮೊಗ್ಗದ ಸರ್ ಅರ್ಧ ತಾಸು ಫೋನಿನಲ್ಲಿದ್ದು ಮಾಡಿಸಿದರು. ಕಾರವಾರದ ಸರ್ ಹೇಳಿದ ಹಾಗೆ ಸ್ಕ್ಯಾನ್ ಪ್ರತಿ ನನ್ನ ಹತ್ತಿರವೂ ಬಂದಿದೆ. ಹೆಂಡತಿಯ ಹುಟ್ಟಿದ ದಿನ ತಪ್ಪಾಗಿದೆ, ತಿದ್ದಿಸಲು ಈ ವಾರ ಅರ್ಜಿ ಕೊಡುತ್ತಾನೆ. ನಮ್ಮ ರೆಕಾರ್ಡ್ಸ್ ಆಫೀಸು ಬೆಂಗಳೂರಿನಲ್ಲೇ ಇದೆ, ಬೇಕಾದರೆ ನಾನೂ ಜೊತೆಗೆ ಹೋಗುತ್ತೇನೆ.

ಹಾವೇರಿ ಹುಡುಗನಿಗೆ ಬಜಾರ್ ಒಂದು ಮಾತು ಹೇಳಿ ಕಳಿಸಿದ್ದಾನೆ: ಸೂಜಿ-ದಾರ, ಲೇಸ್ ಎರಡೆರಡು ಜೊತೆ ತಗೊಂಡು ಹೋಗು, ಪಕ್ಕದವನು ತಂದಿರಲ್ಲ.

ರಂಗರೂಟ್ ಹಾವೇರಿ

ಇವತ್ತೇ ತಗೊಂಡೆ ಸರ್. ಲೇಸ್ ಕಪ್ಪು ಬಣ್ಣದ್ದೇ ಬೇಕಾ, ಪಿಟಿ ಶೂಗೆ ಬಿಳಿಯೂ ಬೇಕಾ ಅಂತ ಬಜಾರ್ ಸರ್‌ನ ಕೇಳಿ ಹೇಳುತ್ತೀರಾ?